ಮುಲ್ಕಿಯಿಂದ ನೀಟ್‌ವರೆಗೆ

2025ರ ಜೂನ್ ತಿಂಗಳ ಒಂದು ಸಂಜೆ ಮಸಗುಪ್ಪಿಯ ನಮ್ಮ ಮನೆಯ ಪಡಸಾಲೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ನೀಟ್ ಫಲಿತಾಂಶ ಬಂದಿತ್ತು. ಅಣ್ಣನ ಮಗಳು ಮೊಬೈಲನ್ನು ಬೋರಲು ಹಾಕಿ ಗೋಡೆಗೆ ಒರಗಿ ಕೂತಿದ್ದಳು. ಅವಳು ನಪಾಸಾಗಿರಲಿಲ್ಲ. ಅರ್ಹತೆಯ ಗೆರೆ ದಾಟಿದ್ದಳು. ಆದರೆ ಅವಳ ರ‍್ಯಾಂಕಿಗೆ ಸರ್ಕಾರಿ ಕಾಲೇಜಿನಲ್ಲಿ ವೈದ್ಯಕೀಯ ಸೀಟು ಸಿಗುವಂತಿರಲಿಲ್ಲ. ಖಾಸಗಿ ಕಾಲೇಜಿನ ಶುಲ್ಕದ ಮಾತನ್ನು ನಮ್ಮ ಮನೆಯಲ್ಲಿ ಎತ್ತುವ ಹಾಗೇ ಇರಲಿಲ್ಲ. ಅಣ್ಣ ಕಬ್ಬಿನ ಬಿಲ್ಲು, ಸೊಸೈಟಿಯ ಸಾಲ ಎರಡನ್ನೂ ಮನಸ್ಸಿನಲ್ಲೇ ಕೂಡಿಸಿ ಕಳೆಯುತ್ತಿದ್ದ. ಕೊನೆಗೆ ಅವಳೇ ಕೇಳಿದಳು: "ಕಾಕಾ, ಇನ್ನೊಂದ್ ವರ್ಷ ಕುಂತ್ರ ಆಕ್ಕೈತೇನ್ರಿ? ಖರೇ ಹೇಳ್ರಿ."

ನಾನು ಗೋಕಾಕದಲ್ಲಿ ಪಿಯು ಮಕ್ಕಳಿಗೆ ಇತಿಹಾಸ ಕಲಿಸುವವನು. ನೀಟ್‌ನ ಒಂದು ಪ್ರಶ್ನೆಗೂ ಉತ್ತರ ಬರೆಯಲಾರೆ. ಆದರೆ ನಮ್ಮ ಮನೆಯಲ್ಲಿ ಇಂಥ ಪ್ರಶ್ನೆ ಎದ್ದದ್ದು ಇದೇ ಮೊದಲಲ್ಲ ಎಂಬುದು ನನಗೆ ಗೊತ್ತಿತ್ತು. ಮುತ್ಯಾ, ದೊಡ್ಡಪ್ಪ, ನಾನು, ಈಗ ಇವಳು. ನಾಲ್ಕು ತಲೆಮಾರಿಗೆ ನಾಲ್ಕು ಬಾಗಿಲು, ಪ್ರತಿಯೊಂದಕ್ಕೂ ಬೇರೆ ಬೇರೆ ಕೀಲಿ. ಅವಳಿಗೆ ಆ ಸಂಜೆ ಏನೂ ಹೇಳಲಾಗದೆ, ಆ ಬಾಗಿಲುಗಳ ಕತೆಯನ್ನೇ ನನಗೆ ನಾನು ಹೇಳಿಕೊಳ್ಳತೊಡಗಿದೆ. ಈ ಬರಹ ಅಲ್ಲಿಂದ ಹುಟ್ಟಿದ್ದು.

ಮಸಗುಪ್ಪಿ ಘಟಪ್ರಭಾ ದಂಡೆಯ ಊರು. ಮೊದಲು ಗೋಕಾಕ ತಾಲೂಕಿನಲ್ಲಿತ್ತು, ಈಗ ಮೂಡಲಗಿ ತಾಲೂಕಿಗೆ ಸೇರಿದೆ. 1956ರ ತನಕ ಇಡೀ ಬೆಳಗಾವಿ ಜಿಲ್ಲೆಯೇ ಮುಂಬಯಿ ಪ್ರಾಂತದಲ್ಲಿತ್ತು. ಆ ಕಾಲದ ನಮ್ಮ ಭಾಗದ ಹಿರಿಯರಿಗೆ 'ಪರೀಕ್ಷೆ' ಎಂದರೆ ಮುಲ್ಕಿ. ಕನ್ನಡ ಸಾಲಿಯ ಏಳನೆಯ ಇಯತ್ತೆ ಮುಗಿದ ಮೇಲೆ ಬರೆಯಬೇಕಾದ ಸಾರ್ವಜನಿಕ ಪರೀಕ್ಷೆ ಅದು. ಮುಲ್ಕಿ ಪಾಸಾದವನು ಸಾಲಿ ಮಾಸ್ತರನಾಗಬಹುದಿತ್ತು, ತಲಾಠಿಯಾಗಬಹುದಿತ್ತು. ಊರಲ್ಲಿ ಯಾರಾದರೂ ಹೆಚ್ಚು ಜಾಣತನ ತೋರಿಸಿದರೆ "ಇವ ದೊಡ್ಡ ಮುಲ್ಕಿ ಪಾಸ್ ಆದಾಂವ ಬಂದ" ಎಂದು ಅವ್ವ ಈಗಲೂ ಚೇಷ್ಟೆ ಮಾಡುತ್ತಾಳೆ.

ನಮ್ಮ ಮುತ್ಯಾ ಮುಲ್ಕಿ ಪಾಸಾಗಿ ಕನ್ನಡ ಸಾಲಿ ಮಾಸ್ತರನಾದವನು. ರೊಟ್ಟಿ ಗಂಟು ಕಟ್ಟಿಕೊಂಡು ಪರೀಕ್ಷೆಗೆ ಹೋದದ್ದು, ಅಂಕಗಣಿತದ ಕಾಗದ ಮುಗಿಸಿ ಹೊರಬಂದಾಗ ಕೈ ನಡುಗುತ್ತಿದ್ದದ್ದು, ಇವನ್ನೆಲ್ಲ ಅವನು ಹೇಳುತ್ತಿದ್ದ. ಆ ಪರೀಕ್ಷೆ ಸುಲಭದ್ದೇನೂ ಆಗಿರಲಿಲ್ಲ. ಊರಿನ ಬಹುಪಾಲು ಮಕ್ಕಳು ಅಲ್ಲಿಯವರೆಗೆ ಹೋಗುತ್ತಲೇ ಇರಲಿಲ್ಲ. ದಲಿತರ ಮಕ್ಕಳು, ಹೆಣ್ಣುಮಕ್ಕಳು ಆ ಲೆಕ್ಕದಲ್ಲೇ ಇರಲಿಲ್ಲ. ಮುತ್ಯಾನ ತಂಗಿ ಅವನಿಗಿಂತ ಚುರುಕಾಗಿದ್ದಳಂತೆ. ಮೂರನೆಯ ಇಯತ್ತೆಗೆ ಅವಳ ಸಾಲಿ ಮುಗಿಯಿತು. ಹಾಗಾಗಿ ಆ ಕಾಲವನ್ನು ಹೊಗಳಲು ನನಗೆ ಮನಸ್ಸಾಗದು. ಆದರೂ ಮುಲ್ಕಿಯಲ್ಲಿ ಒಂದು ಗುಣವಿತ್ತು. ಸಾಲಿಯಲ್ಲಿ ಏನು ಕಲಿಸಿದ್ದರೋ ಅದನ್ನೇ, ಕಲಿಸಿದ ಭಾಷೆಯಲ್ಲೇ ಕೇಳುತ್ತಿದ್ದರು. ಊರಿನ ಮಾಸ್ತರ ಮನಸ್ಸು ಮಾಡಿದರೆ ಊರಿನ ಹುಡುಗನನ್ನು ಅಲ್ಲಿಗೆ ಮುಟ್ಟಿಸಬಹುದಿತ್ತು.

ಕಲಿಸಿದ ಭಾಷೆ ಕನ್ನಡವಾಗಿದ್ದದ್ದು ಕೂಡ ತಾನಾಗಿ ಆದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ಭಾಗದ ಎಷ್ಟೋ ಸಾಲಿಗಳು ಮರಾಠಿಯಲ್ಲಿ ನಡೆಯುತ್ತಿದ್ದವು. ಡೆಪ್ಯುಟಿ ಚನ್ನಬಸಪ್ಪನವರಂಥವರು ಊರೂರು ತಿರುಗಿ ಕನ್ನಡ ಸಾಲಿಗಳನ್ನು ಕಟ್ಟದೆ ಹೋಗಿದ್ದರೆ ಮುತ್ಯಾನ ಮುಲ್ಕಿ ಮರಾಠಿಯಲ್ಲಿರುತ್ತಿತ್ತು, ಮುತ್ಯಾ ಹೊಲದಲ್ಲಿರುತ್ತಿದ್ದ. ಒಂದು ಪರೀಕ್ಷೆ ನ್ಯಾಯದ್ದೋ ಅಲ್ಲವೋ ಎಂಬುದು ಪ್ರಶ್ನೆಪತ್ರಿಕೆ ಅಚ್ಚಾಗುವ ಎಷ್ಟೋ ವರ್ಷ ಮೊದಲೇ ತೀರ್ಮಾನವಾಗಿರುತ್ತದೆ.

ಮುಲ್ಕಿಯ ಆಚೆಗಿನ ಬಾಗಿಲು ಬೇರೆಯದೇ ಆಗಿತ್ತು. 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯ 1859ರಲ್ಲಿ ಮೊದಲ ಮೆಟ್ರಿಕ್ಯುಲೇಶನ್ ಪರೀಕ್ಷೆ ನಡೆಸಿತು. ಮಹಾದೇವ ಗೋವಿಂದ ರಾನಡೆ ಆ ಮೊದಲ ತಂಡದಲ್ಲಿ ತೇರ್ಗಡೆಯಾದವರು. ಮೆಟ್ರಿಕ್ ಎಂದರೆ ಕಾಲೇಜಿಗೆ ಹೋಗುವ ಪ್ರವೇಶ ಪರೀಕ್ಷೆ. ಅದಕ್ಕೆ ಇಂಗ್ಲಿಷ್ ಸಾಲಿ ಬೇಕು, ಇಂಗ್ಲಿಷ್ ಸಾಲಿಗೆ ಪಟ್ಟಣ ಬೇಕು, ಪಟ್ಟಣದಲ್ಲಿ ಉಳಿಯಲು ಹಣವೋ ನೆಂಟರೋ ಬೇಕು. ಮುಲ್ಕಿ ಊರಿನ ಪರೀಕ್ಷೆಯಾದರೆ ಮೆಟ್ರಿಕ್ ಊರು ಬಿಟ್ಟವರ ಪರೀಕ್ಷೆ. ಮುತ್ಯಾ ಮೊದಲನೆಯದನ್ನು ದಾಟಿದ. ಎರಡನೆಯದರ ಹತ್ತಿರ ಹೋಗಲಿಲ್ಲ.

*

ಎರಡನೆಯ ಬಾಗಿಲಿನ ತನಕ ಹೋದವನು ದೊಡ್ಡಪ್ಪ. ಆ ಹೊತ್ತಿಗೆ ನಾವು ಮೈಸೂರು ರಾಜ್ಯದಲ್ಲಿದ್ದೆವು. ಹುಬ್ಬಳ್ಳಿಯಲ್ಲಿ 1957ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿತ್ತು. 1963ರಲ್ಲಿ ಬೆಳಗಾವಿಯಲ್ಲೂ ಕೆಎಲ್‌ಇ ಸಂಸ್ಥೆಯ ವೈದ್ಯಕೀಯ ಕಾಲೇಜು ಬಂತು. ಬಾಗಿಲುಗಳು ಹತ್ತಿರವಾದವು. ಆದರೆ ಅವುಗಳ ಮುಂದೆ ಈಗಿನಂಥ ಪ್ರವೇಶ ಪರೀಕ್ಷೆ ಇರಲಿಲ್ಲ. ಪಿಯುಸಿಯ ಅಂಕ ನೋಡುತ್ತಿದ್ದರು, ಅದರ ಜೊತೆಗೆ ಸಂದರ್ಶನ.

1963ರಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ಒಂದು ಆದೇಶ ಹೊರಡಿಸಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇಕಡಾ 25ರಷ್ಟನ್ನು ಸಂದರ್ಶನಕ್ಕೆ ಇಡಲಾಯಿತು. ಮೂರು ವಿಷಯ ಸೇರಿ 300 ಅಂಕವಿದ್ದರೆ ಸಂದರ್ಶನಕ್ಕೆ 75 ಎಂದು ಲೆಕ್ಕ. ಏನನ್ನು ನೋಡಿ ಆ ಅಂಕ ಕೊಡಬೇಕು? ಸಾಮಾನ್ಯ ಜ್ಞಾನ, ಅಭಿರುಚಿ, ವ್ಯಕ್ತಿತ್ವ, ಹಿಂದಿನ ಓದಿನಲ್ಲಿ ಪಡೆದ ವಿಶೇಷ ಮನ್ನಣೆ, ಎನ್‌ಸಿಸಿ, ಆಟೋಟ, ಸಮಾಜಸೇವೆ, ಚರ್ಚಾಸ್ಪರ್ಧೆ, ನಾಟಕ. ಕೇಳಲು ಚೆನ್ನಾಗಿದೆ. ಅಂಕವೊಂದೇ ಮನುಷ್ಯನಲ್ಲ ಎಂದು ಇವತ್ತಿಗೂ ಹೇಳುತ್ತೇವಲ್ಲ, ಆ ಮಾತಿನ ಸರ್ಕಾರಿ ರೂಪ ಇದು.

ದೊಡ್ಡಪ್ಪ ಅಂಥ ಒಂದು ಸಂದರ್ಶನಕ್ಕೆ ಹೋಗಿ ಬಂದವನು. ಯಾರದೋ ಕೋಟು ಕೇಳಿ ತಂದು ಹಾಕಿಕೊಂಡು, ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿದ್ದನಂತೆ. ಯಾವ ಆಟ ಆಡುತ್ತೀ ಎಂದು ಕೇಳಿದರು. ಎನ್‌ಸಿಸಿ ಸರ್ಟಿಫಿಕೇಟ್ ಇದೆಯೇ ಎಂದು ಕೇಳಿದರು. ಅವನು ಓದಿದ ಕಡೆ ಅದಾವುದೂ ಇರಲಿಲ್ಲ. ಮಳೆಗಾಲದ ಘಟಪ್ರಭೆಯನ್ನು ಈಜಿ ದಾಟುತ್ತಿದ್ದ ಹುಡುಗ "ಯಾ ಆಟಾನೂ ಬರೂದಿಲ್ರಿ" ಎಂದು ಹೇಳಿ ಎದ್ದು ಬಂದ. "ಈಜೂದು ಆಟದಾಗ ಬರತೈತಿ ಅಂತ ನಂಗ ಗೊತ್ತಽ ಇರಲಿಲ್ಲಪಾ" ಎಂದು ಎಪ್ಪತ್ತರ ವಯಸ್ಸಿನಲ್ಲೂ ನಗುತ್ತ ಹೇಳುತ್ತಿದ್ದ. ಸೀಟು ಸಿಗಲಿಲ್ಲ. ಅದೊಂದೇ ಕಾರಣವೋ ಗೊತ್ತಿಲ್ಲ. ತನ್ನ ಅಂಕಪಟ್ಟಿಯನ್ನು ಮಾತ್ರ ಕೊನೆಯವರೆಗೂ ಟ್ರಂಕಿನಲ್ಲಿ ಇಟ್ಟುಕೊಂಡಿದ್ದ.

ಆ ಸಂದರ್ಶನದ ಪದ್ಧತಿಯ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಆರ್. ಚಿತ್ರಲೇಖಾ ಮತ್ತು ಮೈಸೂರು ರಾಜ್ಯದ ನಡುವಿನ ಆ ಮೊಕದ್ದಮೆಯ ತೀರ್ಪು ಬಂದದ್ದು 1964ರ ಜನವರಿಯಲ್ಲಿ. ಸಂದರ್ಶನವೆಂಬುದು ತನ್ನಷ್ಟಕ್ಕೆ ತಪ್ಪಲ್ಲ, ಅದನ್ನು ದುರುಪಯೋಗ ಮಾಡಿದರೆ ಅದು ಬೇರೆ ವಿಚಾರ ಎಂದು ಬಹುಮತ ಹೇಳಿತು. ನ್ಯಾಯಮೂರ್ತಿ ಮುಧೋಳಕರ್ ಭಿನ್ನಮತ ಬರೆದರು. ಮೀಸಲಾತಿಯ ಮಿತಿಯ ಬಗ್ಗೆ ದೇಶವೆಲ್ಲ ಉದ್ಧರಿಸುವ ಎಂ.ಆರ್. ಬಾಲಾಜಿ ತೀರ್ಪು ಕೂಡ ಇದೇ ಮೈಸೂರು ರಾಜ್ಯದ ಕಾಲೇಜು ಸೀಟುಗಳಿಂದಲೇ ಹುಟ್ಟಿದ್ದು, ಅದರ ಹಿಂದಿನ ವರ್ಷಗಳಲ್ಲಿ. ಕಾಲೇಜು ಬಾಗಿಲಲ್ಲಿ ಯಾರು ನಿಲ್ಲಬೇಕು ಎಂಬ ಜಗಳದಲ್ಲಿ ನಮ್ಮ ರಾಜ್ಯ ಸಂವಿಧಾನದ ಎಷ್ಟು ಪುಟಗಳನ್ನು ಬರೆಸಿದೆ ಎಂದು ನೋಡಿದರೆ ಆಶ್ಚರ್ಯವಾಗುತ್ತದೆ.

ಸಂದರ್ಶನದ ಜೊತೆಜೊತೆಗೆ ಇನ್ನೊಂದು ಕೀಲಿಯೂ ತಯಾರಾಗುತ್ತಿತ್ತು. ಅದರ ಹೆಸರು ಕ್ಯಾಪಿಟೇಶನ್. ಖಾಸಗಿ ವೃತ್ತಿ ಕಾಲೇಜುಗಳು ಹೆಚ್ಚಿದಂತೆ ಸೀಟಿಗೆ ಬೆಲೆ ಕಟ್ಟುವ ವ್ಯವಹಾರವೂ ಹೆಚ್ಚಿತು. ಅದನ್ನು ತಡೆಯಲು 1984ರಲ್ಲಿ ಕರ್ನಾಟಕ ಕಾನೂನನ್ನೇ ಮಾಡಿತು. ಕಾನೂನು ಬಂದ ಮೇಲೂ, 1989ರ ಸರ್ಕಾರಿ ಅಧಿಸೂಚನೆಯ ಪ್ರಕಾರ ಖಾಸಗಿ ವೈದ್ಯಕೀಯ ಕಾಲೇಜಿನ ವಾರ್ಷಿಕ ಶುಲ್ಕ ಮೂರು ಬಗೆಯದಾಗಿತ್ತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದ ಉಳಿದ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಉತ್ತರ ಪ್ರದೇಶದ ಮೋಹಿನಿ ಜೈನ್ ಇದನ್ನು ಪ್ರಶ್ನಿಸಿದರು. 1992ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕ್ಯಾಪಿಟೇಶನ್ ಶುಲ್ಕವನ್ನು ಸಂವಿಧಾನಬಾಹಿರವೆಂದಿತು. 1993ರ ಫೆಬ್ರವರಿಯ ಉನ್ನಿಕೃಷ್ಣನ್ ತೀರ್ಪು ಇನ್ನೂ ಮುಂದೆ ಹೋಯಿತು. ಖಾಸಗಿ ಕಾಲೇಜುಗಳ ಅರ್ಧ ಸೀಟು 'ಫ್ರೀ', ಅರ್ಧ 'ಪೇಮೆಂಟ್'. ಎರಡನ್ನೂ ಪ್ರತಿಭೆಯ ಆಧಾರದ ಮೇಲೆಯೇ ತುಂಬಬೇಕು. ಅದನ್ನು ನಡೆಸಲು ಕರ್ನಾಟಕದಲ್ಲಿ 1994ರಲ್ಲಿ ಸಿಇಟಿ ಕೋಶ ಹುಟ್ಟಿತು.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಸಿಇಟಿ ಬಂದದ್ದು ಹಳ್ಳಿಯ ಮಕ್ಕಳನ್ನು ತಡೆಯಲಿಕ್ಕಲ್ಲ. ಕೋಟು, ಶಿಫಾರಸು, ಹಣದ ಚೀಲ ಇವುಗಳಿಂದ ಬಾಗಿಲನ್ನು ಬಿಡಿಸಲಿಕ್ಕೆ. ಈಗ ಪ್ರವೇಶ ಪರೀಕ್ಷೆಯ ಹೆಸರೆತ್ತಿದರೆ ಸಿಟ್ಟಾಗುವ ನಾವು, ಅದಿಲ್ಲದಾಗ ಆ ಜಾಗದಲ್ಲಿ ಏನಿತ್ತು ಎಂಬುದನ್ನು ಮರೆಯುತ್ತೇವೆ. ಪರೀಕ್ಷೆ ಇಲ್ಲದ ಬಾಗಿಲು ತೆರೆದ ಬಾಗಿಲಾಗಿರಲಿಲ್ಲ.

*

ನಾನು ಸಿಇಟಿ ಬರೆದದ್ದು 1996ರಲ್ಲಿ. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಗೋಕಾಕದಲ್ಲಿ ಪಿಯು ವಿಜ್ಞಾನ. ಮೊದಲ ಆರು ತಿಂಗಳು ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು, ನಾನು ಕಿಟಕಿಯಾಚೆ ನೋಡುತ್ತಿದ್ದೆ. 'ದ್ಯುತಿಸಂಶ್ಲೇಷಣೆ' ನನಗೆ ಚೆನ್ನಾಗಿ ಗೊತ್ತಿತ್ತು. ಅದೇ ಸಂಗತಿ ಇಂಗ್ಲಿಷ್ ವೇಷದಲ್ಲಿ ಬಂದಾಗ ಗುರುತು ಹತ್ತುತ್ತಿರಲಿಲ್ಲ. ಆದರೂ ಸಿಇಟಿಗೆ ಓದಬೇಕಾದದ್ದು ಪಿಯು ಪಠ್ಯಪುಸ್ತಕವನ್ನೇ. ನಮ್ಮ ಭೌತಶಾಸ್ತ್ರದ ಮೇಷ್ಟ್ರು ಸಂಜೆ ಉಳಿಸಿಕೊಂಡು, ಒಂದು ಪೈಸೆ ತಗೊಳ್ಳದೆ, ಹಿಂದಿನ ವರ್ಷಗಳ ಪ್ರಶ್ನೆಗಳನ್ನು ಬಿಡಿಸಿಸುತ್ತಿದ್ದರು. ನನ್ನ ರ‍್ಯಾಂಕ್ ಫ್ರೀ ಸೀಟಿಗೆ ಸಾಲಲಿಲ್ಲ. ಪೇಮೆಂಟ್ ಸೀಟಿಗೆ ಅಪ್ಪನ ಹೊಲ ಸಾಲುತ್ತಿರಲಿಲ್ಲ. ಧಾರವಾಡಕ್ಕೆ ಹೋಗಿ ಬಿ.ಎ. ಸೇರಿದೆ. ನಮ್ಮ ತರಗತಿಯ ಇಬ್ಬರಿಗೆ ಸೀಟು ಸಿಕ್ಕಿತು. ಇಬ್ಬರೂ ಒಕ್ಕಲುತನದ ಮನೆಯವರು, ಇಬ್ಬರೂ ಅದೇ ಮೇಷ್ಟ್ರ ಸಂಜೆಯ ಪಾಠದವರು. ನನಗೆ ಸಿಗದ್ದಕ್ಕೆ ಬೇಸರವಾಯಿತು. ಮೋಸವಾಯಿತು ಎಂದು ಮಾತ್ರ ಅನ್ನಿಸಲಿಲ್ಲ.

ದೊಡ್ಡಪ್ಪನ ಸೋಲಿಗೂ ನನ್ನ ಸೋಲಿಗೂ ಇರುವ ವ್ಯತ್ಯಾಸ ಇದು. ಅವನಿಗೆ ತಾನು ಯಾಕೆ ಸೋತೆ ಎಂದು ಕೊನೆಗೂ ತಿಳಿಯಲಿಲ್ಲ. ನನಗೆ ಎಷ್ಟು ಅಂಕಕ್ಕೆ ಸೋತೆ ಎಂದು ಗೊತ್ತಿತ್ತು. ಸಿಇಟಿ ರ‍್ಯಾಂಕಿನ ಜೊತೆ ಗ್ರಾಮೀಣ ಮೀಸಲಾತಿ ಶೇಕಡಾ 15, ಕನ್ನಡ ಮಾಧ್ಯಮದ ಮೀಸಲಾತಿ ಶೇಕಡಾ 5 ಎಂಬ ವ್ಯವಸ್ಥೆಯೂ ಕರ್ನಾಟಕದಲ್ಲಿ ಬೆಳೆದು ಬಂತು. ಒಂದರಿಂದ ಹತ್ತರವರೆಗೆ ಎಲ್ಲಿ ಓದಿದೆ, ಯಾವ ಭಾಷೆಯಲ್ಲಿ ಓದಿದೆ ಎಂಬುದನ್ನೂ ಅಂಕದ ಪಕ್ಕದಲ್ಲಿಟ್ಟು ನೋಡುವ ಕ್ರಮ ಅದು. ಒಂದೇ ಅಂಕ ಎಲ್ಲಿಂದ ಬಂತು ಎಂಬುದರ ಮೇಲೆ ಅದರ ತೂಕ ಬೇರೆಯಾಗುತ್ತದೆ ಎಂಬ ಸರಳ ತಿಳಿವಳಿಕೆ ಅದರ ಹಿಂದಿತ್ತು.

ನಂತರದ ವರ್ಷಗಳ ಕತೆ ಕೋರ್ಟುಗಳದ್ದು. 2002ರ ಟಿಎಂಎ ಪೈ ತೀರ್ಪು ಉನ್ನಿಕೃಷ್ಣನ್ ಯೋಜನೆಯನ್ನು ಬದಿಗೆ ಸರಿಸಿತು. ಖಾಸಗಿ ಕಾಲೇಜುಗಳು ಕಾಮೆಡ್‌ಕೆ ಎಂಬ ತಮ್ಮದೇ ಪರೀಕ್ಷೆ ಶುರುಮಾಡಿದವು. ಒಬ್ಬ ಹುಡುಗ ಒಂದೇ ಬೇಸಿಗೆಯಲ್ಲಿ ನಾಲ್ಕೈದು ಪರೀಕ್ಷೆಗಳಿಗೆ ಅರ್ಜಿ ತುಂಬುವ ಕಾಲ ಬಂತು. ಅರ್ಜಿ ಶುಲ್ಕ, ಬಸ್ ಖರ್ಚು, ಬೆಂಗಳೂರಿನಲ್ಲಿ ರಾತ್ರಿ ಉಳಿಯುವ ಖರ್ಚು. ದೇಶಕ್ಕೆಲ್ಲ ಒಂದೇ ಪರೀಕ್ಷೆ ಸಾಕು ಎಂಬ ವಾದಕ್ಕೆ ಬಲ ಬಂದದ್ದು ಈ ಗೊಂದಲದಿಂದಲೇ.

ನೀಟ್ ಹುಟ್ಟಿ, ಸತ್ತು, ಮರಳಿ ಬಂದ ರೀತಿಯನ್ನು ನಾನು ತರಗತಿಯಲ್ಲಿ ಕತೆಯಂತೆ ಹೇಳುತ್ತೇನೆ. ಭಾರತೀಯ ವೈದ್ಯಕೀಯ ಪರಿಷತ್ತಿನ ಅಧಿಸೂಚನೆ 2010ರ ಡಿಸೆಂಬರ್‌ನದು. ಮೊದಲ ಪರೀಕ್ಷೆ 2013ರ ಮೇ 5ರಂದು ನಡೆಯಿತು. ಅದೇ ವರ್ಷ ಜುಲೈ 18ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಎರಡಕ್ಕೆ ಒಂದರ ಬಹುಮತದಿಂದ ಅದನ್ನು ರದ್ದುಮಾಡಿತು. ಭಿನ್ನಮತ ಬರೆದವರು ನ್ಯಾಯಮೂರ್ತಿ ಅನಿಲ್ ದವೆ. 2016ರ ಏಪ್ರಿಲ್ 11ರಂದು ಐವರ ಪೀಠ ಆ ತೀರ್ಪನ್ನು ಹಿಂದಕ್ಕೆ ಪಡೆಯಿತು. ಆ ಪೀಠದ ಮುಖ್ಯಸ್ಥರು ಅದೇ ಅನಿಲ್ ದವೆ. ಏಪ್ರಿಲ್ 28ರಂದು, ಈ ವರ್ಷವೇ ನೀಟ್ ನಡೆಯಬೇಕು ಎಂಬ ಆದೇಶ ಬಂತು. ಮೊದಲ ಹಂತದ ಪರೀಕ್ಷೆ ಮೇ 1ಕ್ಕೆ. ನಡುವೆ ಉಳಿದದ್ದು ಎರಡೇ ದಿನ.

ಆ ವಾರ ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ ಮಕ್ಕಳ ಮುಖ ನನಗೆ ನೆನಪಿದೆ. ಎರಡು ವರ್ಷ ಸಿಇಟಿಗೆಂದು ಓದಿದವರು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. "ಗೊತ್ತಿಲ್ಲಂದ್ರೂ ಒಂದಕ್ಕ ಟಿಕ್ ಹಾಕ್ರಿ, ಬಿಡಬ್ಯಾಡ್ರಿ" ಎಂದು ನಾವೇ ಹೇಳಿಕೊಟ್ಟಿದ್ದೆವು. ನೀಟ್‌ನಲ್ಲಿ ಸರಿ ಉತ್ತರಕ್ಕೆ ನಾಲ್ಕು, ತಪ್ಪಿಗೆ ಒಂದು ಕಳೆತ. ನಾವು ಕಲಿಸಿದ ಧೈರ್ಯವೇ ಈಗ ಅಂಕ ತಿನ್ನುವಂತಿತ್ತು. ಮೊದಲ ಹಂತಕ್ಕೆ ಅರ್ಜಿ ಹಾಕಿರದವರಿಗೆ ಜುಲೈ 24ರ ಎರಡನೆಯ ಹಂತವಿತ್ತು. ಮೇ 24ರ ಸುಗ್ರೀವಾಜ್ಞೆ ರಾಜ್ಯಗಳ ಸೀಟುಗಳಿಗೆ ಒಂದು ವರ್ಷದ ವಿನಾಯಿತಿ ಕೊಟ್ಟಿತು. 2017ರಿಂದ ರಾಜ್ಯದ ವೈದ್ಯಕೀಯ ಸೀಟುಗಳಿಗೆ ನೀಟ್ ಒಂದೇ ಬಾಗಿಲು. ಆ ವರ್ಷ ಮೊದಲು ಪ್ರಕಟವಾದ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ರಾಜ್ಯ ಕೇಳಿದ ಮೇಲೆ ಸೇರಿತು.

ಕನ್ನಡ ಸೇರಿದ್ದು ಸಂತೋಷದ ಮಾತೇ. ಆದರೆ ನಮ್ಮ ಕಡೆ ಪಿಯು ವಿಜ್ಞಾನದ ತರಗತಿ ನಡೆಯುವುದು ಇಂಗ್ಲಿಷಿನಲ್ಲಿ. ಎರಡು ವರ್ಷ ಇಂಗ್ಲಿಷಿನಲ್ಲಿ ಒದ್ದಾಡಿ ಕಲಿತವನಿಗೆ ಕೊನೆಯ ದಿನ ಕನ್ನಡದ ಪ್ರಶ್ನೆಪತ್ರಿಕೆ ಕೊಟ್ಟರೆ ಅವನು ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಮುತ್ಯಾನ ಕಾಲದಲ್ಲಿ ಕನ್ನಡ ಸಾಲಿ ಮೊದಲು ಬಂತು, ಕನ್ನಡ ಪರೀಕ್ಷೆ ಆಮೇಲೆ. ನಾವು ಪರೀಕ್ಷೆಯನ್ನಷ್ಟೇ ಕೊಟ್ಟೆವು.

*

ಇದು ನಮ್ಮೊಬ್ಬರ ಕತೆಯಲ್ಲ. ಅಮೆರಿಕದಲ್ಲಿ ಎಸ್‌ಎಟಿ ಎಂಬ ಪರೀಕ್ಷೆ 1926ರಲ್ಲಿ ಶುರುವಾಯಿತು. ಅದನ್ನು ರೂಪಿಸಿದ ಕಾರ್ಲ್ ಬ್ರಿಗಮ್ ಕೆಲವೇ ವರ್ಷ ಮೊದಲು ಜನಾಂಗಗಳ ಬುದ್ಧಿಮಟ್ಟದ ಬಗ್ಗೆ ಕೆಟ್ಟ ಪುಸ್ತಕವೊಂದನ್ನು ಬರೆದಿದ್ದವನು. ಮುಂದೆ 1930ರಲ್ಲಿ ತನ್ನ ಆ ವಾದವನ್ನು ತಾನೇ ತಳ್ಳಿಹಾಕಿದ. 1930ರ ದಶಕದಲ್ಲಿ ಹಾರ್ವರ್ಡ್ ಅದೇ ಪರೀಕ್ಷೆಯನ್ನು ಬಳಸಿದ್ದು ಮಾತ್ರ, ಹೆಸರಾಂತ ಶಾಲೆಗಳ ಆಚೆಗಿನ ದೂರದ ಊರುಗಳ ಹುಡುಗರನ್ನು ಹುಡುಕಿ ವಿದ್ಯಾರ್ಥಿವೇತನ ಕೊಡಲು. ಕಾಲಕ್ರಮೇಣ ಅಲ್ಲೂ ಕೋಚಿಂಗ್ ಬೆಳೆಯಿತು, ಪರೀಕ್ಷೆ ಶ್ರೀಮಂತರ ಪಾಲಾಯಿತೆಂಬ ದೂರು ಬಂತು. 2020ರಲ್ಲಿ ಕೋವಿಡ್ ಬಂದು ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಹೆಚ್ಚುಕಡಿಮೆ ಎಲ್ಲ ದೊಡ್ಡ ಕಾಲೇಜುಗಳೂ ಅಂಕ ಕೊಡುವುದು ಬಿಡುವುದು ನಿಮ್ಮಿಷ್ಟ ಎಂದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಅದನ್ನು ಪೂರ್ತಿ ಕೈಬಿಟ್ಟಿತು.

ಆಮೇಲೆ ಒಂದೊಂದಾಗಿ ಮರಳಿದವು. 2022ರ ಮಾರ್ಚ್‌ನಲ್ಲಿ ಎಂಐಟಿ, 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್. ಡಾರ್ಟ್‌ಮತ್‌ನ ಪ್ರಾಧ್ಯಾಪಕರು ತಮ್ಮಲ್ಲಿಗೆ ಬಂದ ಅರ್ಜಿಗಳನ್ನು ಕೂತು ನೋಡಿದಾಗ ಕಂಡದ್ದು ಇದು: ಬಡ ಮನೆಗಳ ಎಷ್ಟೋ ಮಕ್ಕಳು ತಮ್ಮ ಅಂಕ ಕಡಿಮೆಯೆಂದು ನಾಚಿ ಮುಚ್ಚಿಟ್ಟಿದ್ದರು. ಅವರು ಬಂದ ಶಾಲೆಗಳನ್ನು ಗಮನದಲ್ಲಿಟ್ಟು ನೋಡಿದ್ದರೆ ಆ ಅಂಕವೇ ಅವರಿಗೆ ನೆರವಾಗುತ್ತಿತ್ತು. ಇದನ್ನು ಓದಿದಾಗ ನನಗೆ ದೊಡ್ಡಪ್ಪ ನೆನಪಾದ. ಈಜು ಬರುತ್ತದೆ ಎಂದು ಹೇಳದೆ ಎದ್ದು ಬಂದವನು.

ಕೋವಿಡ್ ನಮ್ಮಲ್ಲೂ ಇಂಥದೊಂದು ಪ್ರಯೋಗ ಮಾಡಿಸಿತು. 2021ರಲ್ಲಿ ದ್ವಿತೀಯ ಪಿಯು ಪರೀಕ್ಷೆ ರದ್ದಾಯಿತು. ಎಸ್ಸೆಸ್ಸೆಲ್ಸಿಯ ಶೇಕಡಾ 45, ಪ್ರಥಮ ಪಿಯುವಿನ ಶೇಕಡಾ 45, ಆಂತರಿಕ ಅಂಕ ಶೇಕಡಾ 10 ಕೂಡಿಸಿ ಫಲಿತಾಂಶ ಕೊಟ್ಟರು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕದ ಅರ್ಧ, ಸಿಇಟಿಯ ಅರ್ಧ ಸೇರಿಸುವ ರೂಢಿಯನ್ನು ಆ ವರ್ಷ ಬಿಟ್ಟು, ಸಿಇಟಿ ಅಂಕವೊಂದನ್ನೇ ಹಿಡಿದರು. ಮರುವರ್ಷ ಹಳೆಯ ಕ್ರಮ ಮರಳಿತು. ಆಗ 2021ರಲ್ಲಿ ಪಾಸಾಗಿ 2022ರಲ್ಲಿ ಮತ್ತೆ ಸಿಇಟಿ ಬರೆದ ಸುಮಾರು 24 ಸಾವಿರ ಮಕ್ಕಳ ಪಿಯು ಅಂಕವನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಜಗಳ ಹುಟ್ಟಿ ಹೈಕೋರ್ಟ್ ಮೆಟ್ಟಿಲೇರಿತು. ಕೊನೆಗೆ ಒಂದು ರಾಜಿ ಸೂತ್ರದಿಂದ ಮುಗಿಯಿತು. ಒಂದು ಅಳತೆಯನ್ನು ತೆಗೆಯುವುದು ಸುಲಭ. ತೆಗೆದು ಮತ್ತೆ ತರುವಾಗ ನಡುವೆ ಸಿಕ್ಕಿಕೊಂಡವರ ಒಂದು ತಂಡ ಯಾವಾಗಲೂ ಇರುತ್ತದೆ. 2016ರಲ್ಲಿ ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತದ್ದೂ ಅಂಥ ತಂಡವೇ.

2024 ಬಂದಾಗ ಎರಡು ಪರೀಕ್ಷೆಗಳೂ ಒಟ್ಟಿಗೆ ಎಡವಿದವು. ಏಪ್ರಿಲ್‌ನ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದವು. ಸುಮಾರು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಮೇ 5ರ ನೀಟ್‌ನ ಪ್ರಶ್ನೆಪತ್ರಿಕೆ ಸೋರಿಕೆಯ ಸುದ್ದಿ ಬಂತು. 67 ಜನರಿಗೆ 720ಕ್ಕೆ 720 ಬಂದಿತ್ತು. ಮರುಪರಿಷ್ಕರಣೆಯಾದಾಗ ಆ ಸಂಖ್ಯೆ 17ಕ್ಕೆ ಇಳಿಯಿತು. ಇಡೀ ಪರೀಕ್ಷೆ ರದ್ದು ಮಾಡುವಷ್ಟು ವ್ಯಾಪಕವಾದ ಸೋರಿಕೆ ಕಾಣುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಜುಲೈ 23ರಂದು ಹೇಳಿತು. ಎರಡು ದಿನಗಳ ನಂತರ ಕರ್ನಾಟಕ ವಿಧಾನಸಭೆ ನೀಟ್ ಬೇಡವೆಂದು ನಿರ್ಣಯ ಅಂಗೀಕರಿಸಿತು. ತಮಿಳುನಾಡು 2006ರಲ್ಲೇ ಕಾನೂನು ಮಾಡಿ ತನ್ನ ಪ್ರವೇಶ ಪರೀಕ್ಷೆಯನ್ನು ತೆಗೆದಿತ್ತು. ಅದರ ಮೇಲೆ ನೀಟ್ ಬಂದಾಗ, ಸರ್ಕಾರಿ ಶಾಲೆಯ ಮಕ್ಕಳಿಗೆ 2020ರಲ್ಲಿ ಶೇಕಡಾ 7.5 ಒಳಮೀಸಲಾತಿ ತಂದುಕೊಂಡಿತು.

ನಿರ್ಣಯದ ಸುದ್ದಿ ಬಂದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಖುಷಿ. ನನಗೂ ಖುಷಿಯಾಗಬೇಕಿತ್ತು. ಆದರೆ ನೀಟ್ ಹೋದರೆ ಆ ಜಾಗಕ್ಕೆ ಏನು ಬರುತ್ತದೆ ಎಂದು ಕೇಳಿದಾಗ ಯಾರೂ ಉತ್ತರಿಸಲಿಲ್ಲ. ಸಿಇಟಿ ಎಂದರು ಒಬ್ಬರು. ಸಿಇಟಿಗೂ ಕೋಚಿಂಗ್ ಇದೆ. ಪಿಯು ಅಂಕ ಎಂದರು ಇನ್ನೊಬ್ಬರು. ಪಿಯು ಅಂಕಕ್ಕಾಗಿಯೇ ಹೆಸರಾದ ವಸತಿ ಕಾಲೇಜುಗಳಿವೆ.

ನಾಲ್ಕು ತಲೆಮಾರಿನ ಈ ಕತೆಯಿಂದ ನನಗೆ ತೋಚಿದ್ದು ಇಷ್ಟೇ. ಪರೀಕ್ಷೆ ಬೇಕೋ ಬೇಡವೋ ಎಂಬುದು ಮೇಲಿನ ಜಗಳ. ಒಳಗಿನ ಪ್ರಶ್ನೆ ಬೇರೆ: ಊರಿನ ಶಾಲೆಗೂ ಪರೀಕ್ಷೆಗೂ ನಡುವೆ ದೂರ ಎಷ್ಟು? ಮುತ್ಯಾನ ಮುಲ್ಕಿಗೆ ಆ ದೂರ ಒಬ್ಬ ಮಾಸ್ತರ ದಾಟಿಸುವಷ್ಟಿತ್ತು. ನನ್ನ ಸಿಇಟಿಗೆ ಒಬ್ಬ ಭೌತಶಾಸ್ತ್ರದ ಮೇಷ್ಟ್ರ ಸಂಜೆಗಳಷ್ಟಿತ್ತು. ಅಣ್ಣನ ಮಗಳ ನೀಟ್‌ಗೆ ಆ ದೂರ ಧಾರವಾಡದ, ಮೂಡುಬಿದಿರೆಯ, ಗಡಿಯಾಚೆಯ ಲಾತೂರಿನ ಹಾಸ್ಟೆಲುಗಳಷ್ಟಾಗಿದೆ. ಪಿಯು ವಿಜ್ಞಾನದ ಪಠ್ಯ ಎನ್‌ಸಿಇಆರ್‌ಟಿಯದೇ ಆದ ಮೇಲೂ ದೂರ ಕಡಿಮೆಯಾಗಿಲ್ಲ. ಮೂರು ಗಂಟೆಯಲ್ಲಿ 180 ಪ್ರಶ್ನೆ ಬಿಡಿಸುವ ಅಭ್ಯಾಸ ಪಠ್ಯದಲ್ಲಿಲ್ಲ, ತರಗತಿಯ ವೇಳಾಪಟ್ಟಿಯಲ್ಲೂ ಇಲ್ಲ. ಆ ಖಾಲಿ ಜಾಗವನ್ನು ಯಾರೋ ಮಾರಾಟಕ್ಕಿಟ್ಟಿದ್ದಾರೆ. ಮೊದಲು ಹಣ ಸೀಟನ್ನು ಕೊಳ್ಳುತ್ತಿತ್ತು. ಈಗ ಆ ದೂರವನ್ನು ಕೊಳ್ಳುತ್ತದೆ.

ಪರೀಕ್ಷೆ ತೆಗೆದರೆ ದೂರ ಕಾಣದಂತಾಗುತ್ತದೆ, ಕಡಿಮೆಯಾಗುವುದಿಲ್ಲ. ದೊಡ್ಡಪ್ಪನಿಗೆ ಆದದ್ದು ಅದೇ. ಪರೀಕ್ಷೆ ತಂದು ಶಾಲೆಯನ್ನು ಇದ್ದಲ್ಲೇ ಬಿಟ್ಟರೆ ದೂರ ಕಾಣುತ್ತದೆ, ಆದರೆ ಅದನ್ನು ನಡೆಯಲಾಗದವರ ಮೇಲೆ ತಪ್ಪು ಹೊರಿಸಿದಂತಾಗುತ್ತದೆ. ಅಣ್ಣನ ಮಗಳಿಗೆ ಆಗಿದ್ದು ಇದು. ಅವಳು ಆ ಸಂಜೆ ಮೊಬೈಲ್ ಬೋರಲು ಹಾಕಿದ್ದು ಅಂಕಕ್ಕೆ ನಾಚಿ. ತಾಲೂಕಿಗೊಂದಾದರೂ ಸರ್ಕಾರಿ ಪಿಯು ಕಾಲೇಜಿನಲ್ಲಿ ಆ ನನ್ನ ಮೇಷ್ಟ್ರ ಸಂಜೆಗಳನ್ನು ಸರ್ಕಾರವೇ ಸಂಬಳ ಕೊಟ್ಟು ನಡೆಸಬಾರದೇ, ಪ್ರಥಮ ಪಿಯುವಿನ ಮೊದಲ ಆರು ತಿಂಗಳಾದರೂ ಎರಡೂ ಭಾಷೆಯಲ್ಲಿ ಪಾಠ ಹೇಳಬಾರದೇ ಎಂದು ಯಾವ ನಿರ್ಣಯವೂ ಕೇಳಲಿಲ್ಲ.

ಅವಳ ಪ್ರಶ್ನೆಗೆ ಮರುದಿನ ಬೆಳಿಗ್ಗೆ ನಾನು ಹೇಳಿದ್ದು: "ಆಕ್ಕೈತೋ ಇಲ್ಲೋ ನಂಗ ಗೊತ್ತಿಲ್ಲ ತಂಗಿ. ನೀ ದಡ್ಡಿ ಅಲ್ಲ ಅನ್ನೂದಷ್ಟ ಗೊತ್ತೈತಿ." ಅವಳು ದೊಡ್ಡಪ್ಪನ ಕತೆ ಕೇಳಿರಲಿಲ್ಲ. ಹೇಳಿದೆ. ಟ್ರಂಕಿನಿಂದ ಆ ಹಳೆಯ ಅಂಕಪಟ್ಟಿಯನ್ನೂ ತೆಗೆದು ತೋರಿಸಿದೆ. ಬಹಳ ಹೊತ್ತು ನೋಡಿದಳು. "ಇಷ್ಟ್ ಮಾರ್ಕ್ಸ್ ಬಿದ್ದಿದ್ದೂ ಸೀಟ್ ಕೊಡಲಿಲ್ಲೇನ್ರಿ?" ಎಂದಳು.

ಈಗ ಅವಳು ಧಾರವಾಡದಲ್ಲಿದ್ದಾಳೆ. ಶುಲ್ಕದಲ್ಲಿ ಅರ್ಧ ನನ್ನದು, ಅರ್ಧ ಅಣ್ಣನ ಕಬ್ಬಿನದು. ಹೋಗುವ ಮುಂಚೆ ಬಸ್ ಸ್ಟ್ಯಾಂಡಿನಲ್ಲಿ, ಈ ಸಲವೂ ಆಗದಿದ್ದರೆ ಏನು ಮಾಡುವುದು ಎಂದು ಅವಳೇ ಲೆಕ್ಕ ಹಾಕಿ ಹೇಳಿದಳು. ನಮ್ಮೂರಿಗೆ ಹತ್ತಿರದ ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿದೆ. ಅಲ್ಲಿಗೆ ಸಿಇಟಿ ಸಾಕು, ಒಕ್ಕಲಿಗರ ಮಕ್ಕಳಿಗೆ ಬೇರೆ ಕೋಟಾ ಕೂಡ ಇದೆ. "ಆದ್ರ ಮೊದಲ ಇದನ್ನ ನೋಡತೀನ್ರಿ ಕಾಕಾ" ಎಂದಳು. ಬಸ್ಸು ಬಂತು. ಸೀಟು ಇರಲಿಲ್ಲ. ಬ್ಯಾಗನ್ನು ಎದೆಗೆ ಅವಚಿಕೊಂಡು ನಿಂತೇ ಹೋದಳು.